ರಿಪೇರಿಗೆ ಹೊರಟ ಕುರ್ಚಿ

ಮಳೆಗಾಲದಲ್ಲಿ ನಮ್ಮ ಕಡೆ ಕಥೆ ಹೊರಡುವುದು ಬಚ್ಚಲೊಲೆಯ ಮುಂದೆ. ಜಡಿಮಳೆ ಹಿಡಿದಿರುತ್ತದೆ, ಒದ್ದೆ ಬಟ್ಟೆಯೆಲ್ಲ ಒಲೆಯ ಮೇಲಿನ ಹಗ್ಗದಲ್ಲಿ ಹೊಗೆ ಕುಡಿಯುತ್ತಿರುತ್ತದೆ. ತಂಗಿಯ ಮಕ್ಕಳು ಹಲಸಿನ ಬೀಜ ಕೆಂಡಕ್ಕೆ ಹಾಕಿಕೊಂಡು ಬೇಯುವ ತನಕ ಪುರುಸೊತ್ತಿಲ್ಲದೆ, "ದೊಡ್ಡಮ್ಮ, ತೂತಿನ ಕುರ್ಚಿ ಕಥೆ ಹೇಳು" ಅನ್ನುತ್ತವೆ. ಅವಕ್ಕೆ ಬೇಕಾದದ್ದು ಕಂಡಕ್ಟರ್ ಬರುವ ಭಾಗ. ಅಷ್ಟು ಹೇಳಿದರೆ ನಕ್ಕು ಎದ್ದು ಹೋಗುತ್ತವೆ. ಹಿಂದುಮುಂದಿನದನ್ನೂ ಸೇರಿಸಿ ಇವತ್ತು ನಿಮಗೆ ಹೇಳುತ್ತೇನೆ.

ನಮ್ಮದು ಹೊಸನಗರ ತಾಲ್ಲೂಕು. ಬಸ್ಸು ನಿಲ್ಲುವ ಜಾಗದಿಂದ ಮನೆಗೆ ಒಂದು ಸಂಕ ದಾಟಬೇಕು, ಆಮೇಲೆ ಏರು. ನನಗಿರುವುದು ಹಂದಿಗೋಡು ಕಾಯಿಲೆ. ಹಂದಿಗೋಡು ಅನ್ನುವುದು ಸಾಗರ ಪೇಟೆಯ ಹತ್ತಿರದ ಊರು. 1970ರ ದಶಕದ ನಡುವಿನಲ್ಲಿ ಅಲ್ಲಿನ ಕೇರಿಯಲ್ಲಿ ಮೊದಲು ಗುರುತಿಸಿದ್ದರಿಂದ ಊರಿನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು; ಪಾಪ, ಆ ಊರಿನವರು ಇವತ್ತಿಗೂ ಹೆಣ್ಣು ಗಂಡು ನೋಡುವಾಗ ಅದಕ್ಕೆ ಉತ್ತರ ಕೊಡಬೇಕು. ಕಾಯಿಲೆ ಇರುವುದು ಅಲ್ಲೊಂದೇ ಅಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಆಚೆ ಕೊಪ್ಪ, ಶೃಂಗೇರಿ ತನಕ ಇದೆ. ಹೆಚ್ಚಾಗಿ ಚನ್ನಂಗಿ, ಚಲವಾದಿ ಕೇರಿಗಳಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು, ಇಂಗ್ಲಿಷಿನಲ್ಲಿ ಉದ್ದದ ಹೆಸರು ಕೊಟ್ಟರು. ಗದ್ದೆಗೆ ಹೊಡೆಯುವ ಔಷಧಿ ಏಡಿಯ ಹೊಟ್ಟೆ ಸೇರಿ, ಏಡಿ ನಮ್ಮ ಹೊಟ್ಟೆ ಸೇರಿ ಹೀಗಾಯಿತು ಅಂತ ಮೊದಮೊದಲು ಗುಮಾನಿ ಇತ್ತು. ಅಜ್ಜಿ ಅವತ್ತಿನಿಂದ ಏಡಿ ಸಾರನ್ನೇ ನಿಲ್ಲಿಸಿದಳು. ಮಳೆಗಾಲದಲ್ಲಿ ಬಡವರ ಮನೆಗೆ ಪುಕ್ಕಟೆ ಸಿಗುತ್ತಿದ್ದ ಒಂದೇ ರುಚಿ ಅದು, ಅದೂ ಹೋಯಿತು. ಆಮೇಲೆ ವಂಶವಾಹಿಯ ಡಾಕ್ಟರುಗಳು ಬಂದು, ಇದು ರಕ್ತದಲ್ಲೇ ಇಳಿದು ಬರುವಂಥದ್ದು, ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ ಅಂದರು. ದಕ್ಷಿಣ ಆಫ್ರಿಕಾದ ಎಂಸೆಲೇನಿ ಅನ್ನುವ ಕಡೆ ಹೆಚ್ಚುಕಡಿಮೆ ಇಂಥದ್ದೇ ಕೀಲಿನ ಕಾಯಿಲೆ ಇದೆಯಂತೆ. ಎರಡೂ ಒಂದೇ ಇರಬಹುದೇ ಅಂತ 1997ರಲ್ಲಿ ವಿಜ್ಞಾನಿಗಳು ಬರೆದಿದ್ದಾರೆ. ಅಲ್ಲಿನ ಹೆಂಗಸರು ಪೇಟೆಗೆ ಹೊರಟಾಗ ಏನು ಮಾಡುತ್ತಾರೋ ಅನ್ನುವುದು ನನ್ನ ಕುತೂಹಲ. ಅದನ್ನು ಯಾರೂ ಬರೆದ ಹಾಗಿಲ್ಲ.

ನಮ್ಮಲ್ಲಿ ಕೆಲವರು ಎಲ್ಲರಷ್ಟೇ ಎತ್ತರ ಇರುತ್ತಾರೆ, ಬರೀ ನೋವು. ಕೆಲವರು ನನ್ನ ಹಾಗೆ ಸ್ವಲ್ಪ ಕುಳ್ಳು, ನೋವೂ ಇದೆ. ಇನ್ನು ಕೆಲವರು ತೀರಾ ಗಿಡ್ಡ, ದೊಡ್ಡವರಾದರೂ ಮಕ್ಕಳ ಎತ್ತರ. ಎಲ್ಲರಿಗೂ ಸಮನಾಗಿ ಕೈಕೊಡುವುದು ಸೊಂಟದ ಕೀಲು. ಗುಂಡಗೆ ಇರಬೇಕಾದ ತೊಡೆಮೂಳೆಯ ತಲೆ ಸವೆದು ಚಪ್ಪಟೆಯಾಗಿರುತ್ತದೆ, ಅದು ಕೂರುವ ಬಟ್ಟಲೂ ಹಾಳಾಗಿರುತ್ತದೆ. ಹೇಗೋ ಮುಂದಕ್ಕೆ ಬಾಗಿ, ಮೊಳಕಾಲ ಮೇಲೆ ಕೈ ಊರಿಕೊಂಡು, ಕೋಲು ಹಿಡಿದು ನಡೆಯುತ್ತೇವೆ. ಅಡಿಕೆ ಸುಲಿಯುತ್ತೇವೆ, ಅಡಿಗೆ ಮಾಡುತ್ತೇವೆ. ಕುಕ್ಕರುಗಾಲಲ್ಲಿ ಕೂರಲು ಮಾತ್ರ ಆಗುವುದಿಲ್ಲ. ಇಡೀ ದೇಶ ಬೆಳಗ್ಗೆ ಎದ್ದು ಕುಕ್ಕರುಗಾಲಲ್ಲಿ ಕೂರುತ್ತದೆ. ನಮಗೆ ಅದೊಂದು ಬರುವುದಿಲ್ಲ.

ಮನೆಯಲ್ಲಿದ್ದಾಗ ಅಷ್ಟು ತೊಂದರೆ ಇರಲಿಲ್ಲ. ಎಲ್ಲರೂ ಕತ್ತಲಿರುವಾಗ ಚೆಂಬು ಹಿಡಿದು ಬ್ಯಾಣಕ್ಕೆ ಹೋಗುತ್ತಿದ್ದರು. ನನಗೆ ಅಮ್ಮ ಮನೆಯ ಹಿಂದಿನ ದರೆಯ ಪಕ್ಕದಲ್ಲೇ ಒಂದು ವ್ಯವಸ್ಥೆ ಮಾಡಿದ್ದಳು. ಅಗಳಿಗೆ ಅಡ್ಡ ಎರಡು ಅಡಿಕೆ ದಬ್ಬೆ, ನಡುವೆ ಗೇಣಿನಷ್ಟು ಸಂದು, ಬೆನ್ನಿಗೆ ದರೆ. ದರೆಗೆ ಒರಗಿ ದಬ್ಬೆಯ ಮೇಲೆ ಅರ್ಧ ಕೂತು ಅರ್ಧ ನಿಂತು ಮುಗಿಸುವುದು. ದಬ್ಬೆಗೆ ಗೆದ್ದಲು ಹಿಡಿದ ಕೂಡಲೇ ಬದಲಾಯಿಸುವುದು ಅಮ್ಮನ ಕೆಲಸ, ಉಂಬಳ ಹತ್ತದ ಹಾಗೆ ಸುತ್ತ ಸುಣ್ಣ ಉದುರಿಸುವುದು ತಂಗಿಯ ಕೆಲಸ. ಅಮ್ಮನಿಗೂ ಇದೇ ಕಾಯಿಲೆ ಇತ್ತು, ನನಗಿಂತ ಕಡಿಮೆ. ಹಾಗಾಗಿ ಯಾವ ಎತ್ತರಕ್ಕೆ ದಬ್ಬೆ ಇಟ್ಟರೆ ಸೊಂಟ ಒಪ್ಪುತ್ತದೆ ಅನ್ನುವುದು ಕೇಳದೆಯೇ ಗೊತ್ತಿತ್ತು ಅವಳಿಗೆ.

ಕಷ್ಟ ಬರುತ್ತಿದ್ದದ್ದು ಪ್ರಯಾಣದಲ್ಲಿ. ನಾಳೆ ಪೇಟೆಗೆ ಹೋಗಬೇಕು ಅಂದರೆ ಇವತ್ತು ಮಧ್ಯಾಹ್ನದಿಂದಲೇ ನೀರು ಬಂದ್. ರಾತ್ರಿ ಗಂಜಿ ಇಲ್ಲ, ಒಣ ರೊಟ್ಟಿ. ಬೆಳಗ್ಗೆ ಎಲ್ಲರೂ ಚಾ ಕುಡಿಯುವಾಗ ನಾನು ಜಗುಲಿಯಲ್ಲಿ ಮುಖ ತಿರುಗಿಸಿ ಕೂರುವುದು. ಗಂಟಲು ಒಣಗಿದರೆ ಒಂದು ಎಲೆ ಅಡಿಕೆ. ನೋವಿನ ಮಾತ್ರೆಯನ್ನೂ ಎರಡು ಗುಟುಕು ನೀರಲ್ಲಿ ಖಾಲಿ ಹೊಟ್ಟೆಗೆ ಇಳಿಸುವುದು. ಮಾತ್ರೆ ನುಂಗುವವರು ನೀರು ಕುಡಿಯದೇ ಇದ್ದರೆ ಕಿಡ್ನಿಗೆ ಪೆಟ್ಟು ಅಂತ ಒಬ್ಬ ಡಾಕ್ಟರಮ್ಮ ಆಮೇಲೆ ಬೈದರು. ಬೈದದ್ದು ಸರಿಯೇ. ನೀರು ಕುಡಿದರೆ ಎಲ್ಲಿ ಹೋಗಲಿ ಅಂತ ಕೇಳಿದ್ದಕ್ಕೆ ಮಾತ್ರ ಅವರ ಹತ್ತಿರ ಉತ್ತರ ಇರಲಿಲ್ಲ. ಮುಟ್ಟಿನ ದಿನಗಳಲ್ಲಿ ಪೇಟೆಗೆ ಹೋಗುವ ಮಾತೇ ಇಲ್ಲ. ಆ ಕಾರಣಕ್ಕೆ ತಪ್ಪಿಹೋದ ಡಾಕ್ಟರ ತಾರೀಕುಗಳನ್ನು "ಬಸ್ಸು ತಪ್ಪಿತು" ಅಂತ ಹೇಳಿ ಮುಗಿಸುತ್ತಿದ್ದೆವು.

ಬಸ್‌ಸ್ಟ್ಯಾಂಡಿನಲ್ಲಿ ಕಕ್ಕಸು ಇರಲಿಲ್ಲ ಅಂತಲ್ಲ. ಇತ್ತು. ಹೆಸರು ಹೇಳುವುದಿಲ್ಲ, ನಮ್ಮ ಮೂರು ತಾಲ್ಲೂಕಿನ ಪೇಟೆಗಳ ಯಾವ ನಿಲ್ದಾಣ ಅಂದುಕೊಂಡರೂ ಆದೀತು. ನಮ್ಮ ಕಡೆ ಮಳೆಗಾಲದಲ್ಲಿ ನೆಲದ ನೀರು ಮೇಲೆಯೇ ಇರುವುದರಿಂದ ಗುಂಡಿ ಆಳ ತೋಡುವ ಹಾಗಿಲ್ಲ. ಅದಕ್ಕೆ ಗಾರೆಯವರು ಕಕ್ಕಸನ್ನೇ ಎತ್ತರಿಸಿ ಕಟ್ಟುತ್ತಾರೆ. ಮೂರೋ ನಾಲ್ಕೋ ಮೆಟ್ಟಿಲು, ಒಂದೊಂದೂ ಮೊಳಕಾಲೆತ್ತರ, ಪಕ್ಕಕ್ಕೆ ಹಿಡಿ ಇಲ್ಲ. ಮೆಟ್ಟಿಲ ಬುಡದಲ್ಲಿ ಮೇಜು ಹಾಕಿಕೊಂಡು ಚಿಲ್ಲರೆ ಎಣಿಸುವವನು. ಬಾಗಿಲು ಒಳಕ್ಕೆ ತೆರೆಯುತ್ತದೆ. ಕೋಲು ಹಿಡಿದು ಒಳಗೆ ನಿಂತರೆ ಬಾಗಿಲು ಹಾಕಲು ಜಾಗ ಇಲ್ಲ, ಬಾಗಿಲು ಹಾಕಿದರೆ ನಿಲ್ಲಲು ಜಾಗ ಇಲ್ಲ. ನಲ್ಲಿ ಹಿಮ್ಮಡಿ ಹತ್ತಿರ. ನೆಲ ಸದಾ ಒದ್ದೆ. ಕಾಲು ಜಾರಿ ಬಿದ್ದರೆ ಎಬ್ಬಿಸಲು ಯಾರಾದರೂ ಬರಬೇಕು, ಬಂದವರು ಹೇಗಿದ್ದ ಸ್ಥಿತಿಯಲ್ಲಿ ನೋಡುತ್ತಾರೆ ಅಂತ ನೆನೆಸಿಕೊಂಡೇ ನಾನು ಒಳಗೆ ಕಾಲಿಡುತ್ತಿರಲಿಲ್ಲ.

"ಯಾರದ್ದಾದ್ರೂ ಮನೇಲಿ ಕೇಳಬೌದಿತ್ತಲ್ಲ" ಅಂತ ಕೆಲವರು ಈಗ ಅನ್ನುತ್ತಾರೆ. ಕೇಳುವುದು ಯಾರ ಮನೆಯಲ್ಲಿ? ಒಡೇರ ಮನೆಯಲ್ಲಿ ಅಂಗಳದ ಆಚೆ ತುದಿಯಲ್ಲಿ ನಿಂತು ಕೂಲಿ ಇಸಿದುಕೊಳ್ಳುವ ನಾವು, ಪೇಟೆಯಲ್ಲಿ ಗುರುತಿಲ್ಲದ ಮನೆಯ ಬಾಗಿಲು ತಟ್ಟಿ ಕಕ್ಕಸು ಬಿಡಿ ಅನ್ನುವುದೇ? ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ನೆಲಕ್ಕಾಗಿ ಎದ್ದು ನಿಂತರು, ಊರೂರಿನಿಂದ ಲೀಡರುಗಳು ಬಂದರು, ದೇಶವೆಲ್ಲ ಸುದ್ದಿಯಾಯಿತು. ಕಕ್ಕಸಿಗಾಗಿ ಯಾರು ಎದ್ದು ನಿಲ್ಲುತ್ತಾರೆ? ನಿಲ್ಲಲು ಬರುವವರಿಗೆ ಅದರ ಅಗತ್ಯ ಗೊತ್ತಿಲ್ಲ.

ಇಷ್ಟಾಗುವಾಗ ಅಂಗವಿಕಲರಿಗೆ ಅಂತ 1995ರ ಕಾನೂನು ಬಂದು ಒಂದೆರಡು ವರ್ಷ ಆಗಿತ್ತು. ಡಾಕ್ಟರುಗಳು ಬಂದು ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ, ಅದಿದ್ದರೆ ಪಿಂಚಣಿ, ಬಸ್ ಪಾಸು ಅಂತ ಸುದ್ದಿ ಬಂತು. ಶಿಬಿರ ದಿನವಿಡೀ ನಡೆಯುವಂಥದ್ದು. ಮುಂಜಾನೆಯ ಬಸ್ಸಿಗೆ ಹೋದರೆ ಬರುವುದು ಸಂಜೆಯ ಬಸ್ಸಿಗೆ. ಅಷ್ಟು ಹೊತ್ತು ಕಟ್ಟಿಕೊಂಡಿರಲು ನನ್ನಿಂದ ಆಗುವುದಿಲ್ಲ ಅಂತ ಅಮ್ಮನ ಹತ್ತಿರ ಅತ್ತೆ. ಅಪ್ಪಯ್ಯನಿಗೆ ಕೇಳಿಸಿತೋ ಏನೋ. ಅವನು ಇಂಥ ವಿಷಯ ಮಾತಾಡುವ ಮನುಷ್ಯನೇ ಅಲ್ಲ.

ಎರಡು ದಿನ ಬಿಟ್ಟು ಒಂದು ಕುರ್ಚಿ ಹೊತ್ತುಕೊಂಡು ಬಂದ. ಒಡೇರ ಮನೆಯ ಜಗುಲಿಯಲ್ಲಿ ಇದ್ದದ್ದು, ಬೆತ್ತ ಜೋತುಬಿದ್ದು ಕೊಟ್ಟಿಗೆ ಸೇರಿತ್ತಂತೆ. ಸೌದೆಗೆ ಆಗುತ್ತದೆ ಅಂತ ಕೇಳಿ ತಂದಿದ್ದ. ತೇಗದ ಕಾಲು, ಎರಡೂ ಕಡೆ ಕೈ ಊರಲು ಹಿಡಿ, ಮುಪ್ಪಾಗಿದ್ದರೂ ಗಟ್ಟಿ. ಜೋತ ಬೆತ್ತವನ್ನೆಲ್ಲ ಕತ್ತಿಯಲ್ಲಿ ಹೆರೆದು ತೆಗೆದ. ಉಳಿದ ಚೌಕಟ್ಟಿಗೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಬಿಗಿಯಾಗಿ ಸುತ್ತಿದ. ಒಂದು ಸುತ್ತಿನ ಅಂಚು ಇನ್ನೊಂದರ ಮೇಲೆ ಅರ್ಧ ಕೂರುವ ಹಾಗೆ. ಹಾಗೆ ಸುತ್ತಿದರೆ ತೊಡೆಗೆ ಒತ್ತುವುದಿಲ್ಲ, ನೀರು ಬಿದ್ದರೂ ಒರೆಸಿದರೆ ಹೋಗುತ್ತದೆ. ಸುತ್ತುವಾಗ ಎದ್ದು ಬಂದು ಅಮ್ಮನ ದಬ್ಬೆಗೂ ಕುರ್ಚಿಗೂ ಎತ್ತರ ಒಂದೇ ಉಂಟಾ ಅಂತ ಗೇಣು ಹಾಕಿ ಅಳೆದದ್ದನ್ನು ನಾನು ಅಡಿಗೆಮನೆ ಕಿಟಕಿಯಿಂದ ನೋಡಿದೆ. ನನ್ನನ್ನು ಏನೂ ಕೇಳಲಿಲ್ಲ. ಮುಗಿದ ಮೇಲೆ ಅಮ್ಮನಿಗೆ, "ನಾಡಿದ್ದು ಇದೂ ಬರ್ತದೆ" ಅಂದ, ಅಷ್ಟೇ.

ಇನ್ನು ಮಕ್ಕಳಿಗೆ ಬೇಕಾದ ಭಾಗ. ಆವತ್ತು ಬೆಳಗ್ಗೆ ಮಳೆ ಹುಯ್ಯುತ್ತಿತ್ತು. ಅಪ್ಪಯ್ಯ ಕಂಬಳಿಕೊಪ್ಪೆ ಹಾಕಿ, ತಲೆಯ ಮೇಲೆ ಕುರ್ಚಿ ಕವುಚಿ ಹೊತ್ತು ಮುಂದೆ, ನಾನು ಕೋಲು ಊರಿಕೊಂಡು ಹಿಂದೆ. ಬಸ್ಸು ಬಂತು. ಕಂಡಕ್ಟರ್ ಕುರ್ಚಿ ನೋಡಿದ, ಅದರ ನಡುವಿನ ತೂತು ನೋಡಿದ.

"ಎಂತ ಮಾರಾಯ, ಇದನ್ನ ಹೊತ್ಕಂಡು ಎಲ್ಲಿಗೆ?"

"ರಿಪೇರಿಗೆ."

"ಬೆತ್ತ ಹಾಕೋರು ಪ್ಯಾಟೇಲಿ ಯಾರಿದಾರೆ ಈಗ?"

"ಹುಡುಕಿ ನೋಡದು."

"ರಿಪೇರಿ ದುಡ್ಡಲ್ಲಿ ಹೊಸಾದೇ ಬರ್ತದಲ್ಲ!"

"ಇದು ಒಡೇರ ಮನೇದು" ಅಂದ ಅಪ್ಪಯ್ಯ, ಆ ಮಾತಿಗೆ ಮೇಲೆ ಮಾತಿಲ್ಲ ಅನ್ನುವ ಹಾಗೆ. ಕಂಡಕ್ಟರ್ ಲಗೇಜ್ ಟಿಕೆಟ್ ಹರಿದು, ಕುರ್ಚಿಯನ್ನು ಟಾಪಿಗೆ ಏರಿಸಿದ. ನಡುದಾರಿಯಲ್ಲಿ ಹತ್ತಿದವರಿಗೂ ಅವನೇ ಹೇಳುತ್ತಿದ್ದ, "ಮೇಲೆ ಜಾಗ ಇಲ್ಲ, ಒಡೇರ ಕುರ್ಚಿ ರಿಪೇರಿಗೆ ಹೊರಟಿದೆ." ಬಸ್ಸಿಡೀ ನಕ್ಕಿತು. ಅಪ್ಪಯ್ಯನೂ ನಕ್ಕ. ನಾನು ಕಿಟಕಿ ಕಡೆ ತಿರುಗಿಕೊಂಡೆ. ನಗು ನನಗೂ ಬಂದಿತ್ತು, ನಕ್ಕರೆ ಹೊಟ್ಟೆ ಅದುರಿ ತಡೆಯಲಾಗುವುದಿಲ್ಲ ಅಂತ ಭಯ. ಅಷ್ಟು ಹೊತ್ತಿಗೇ ಅವಸರ ಶುರುವಾಗಿತ್ತು.

ಶಿಬಿರದ ಕಟ್ಟಡದ ಹೊರಗೆ ಜನವೋ ಜನ. ಮೂರು ತಾಲ್ಲೂಕಿನಿಂದಲೂ ಬಂದಿದ್ದರು. ಜೀಪಿನಲ್ಲಿ ಬಂದವರು, ಅಣ್ಣನ ಬೆನ್ನ ಮೇಲೆ ಬಂದವರು, ಕೋಲು ಹಿಡಿದು ಬಂದವರು. ಪೋಲಿಯೋದವರೂ ಇದ್ದರು, ಆದರೆ ನಮ್ಮ ಕಾಯಿಲೆಯವರನ್ನು ದೂರದಿಂದಲೇ ಹೇಳಬಹುದು, ನಡಿಗೆ ಒಂದೇ. ನನ್ನ ಹಾಗೆ ನಡೆಯುವವರನ್ನು ಅಷ್ಟು ಮಂದಿಯನ್ನು ಒಟ್ಟಿಗೆ ನಾನು ನೋಡಿದ್ದು ಅದೇ ಮೊದಲು. ಅಜ್ಜಿಯರು ಸುಮ್ಮನೆ ಕೂರುವ ಜಾತಿಯೇ? ಸಾಲಿನಲ್ಲೇ ಶುರುಮಾಡಿದರು, ನಿನ್ನ ಅಬ್ಬೆ ಯಾವೂರು, ಅವಳ ಅಬ್ಬೆಯನ್ನು ಎಲ್ಲಿಂದ ತಂದದ್ದು ಅಂತ. ಡಾಕ್ಟರುಗಳು ವರ್ಷಗಟ್ಟಲೆ ಊರೂರು ತಿರುಗಿ ಬರೆದುಕೊಂಡ ವಂಶವೃಕ್ಷ ಆ ಸಾಲಿನಲ್ಲಿ ಮಧ್ಯಾಹ್ನದೊಳಗೆ ಬೆಳೆದು ನಿಂತಿತ್ತು. ತೀರ್ಥಹಳ್ಳಿ ಕಡೆಯ ಒಬ್ಬಳು ನನಗೆ ಸಂಬಂಧದಲ್ಲಿ ಅತ್ತೆ ಆಗಬೇಕು ಅಂತ ಗೊತ್ತಾಯಿತು. ಮೂರೂವರೆ ಅಡಿ ಇದ್ದಾಳೋ ಇಲ್ಲವೋ, ಬಾಯಿ ಮಾತ್ರ ಆಳೆತ್ತರ.

ಒಂದು ವಿಷಯ ಗಮನಕ್ಕೆ ಬಂತು. ಅಂಗಳದಲ್ಲಿ ಚಾ ಮಾರುವವನು ಕ್ಯಾನು ಇಟ್ಟುಕೊಂಡು ಕೂಗಿ ಕೂಗಿ ಸಾಕಾಗಿದ್ದ. ಅಣ್ಣತಮ್ಮಂದಿರು, ಗಂಡಂದಿರು ಕುಡಿಯುತ್ತಿದ್ದರು. ಕೋಲು ಹಿಡಿದ ಹೆಂಗಸರಲ್ಲಿ ಒಬ್ಬಳೂ ಮುಟ್ಟಲಿಲ್ಲ. ನಾನೊಬ್ಬಳೇ ಉಪವಾಸ ಬಂದದ್ದು ಅಂದುಕೊಂಡಿದ್ದೆ.

ಒಳಗೆ ನನ್ನ ಸರದಿ ಬಂತು. ಡಾಕ್ಟರು ಕಾಲು ಎಳೆದು ತಿರುಗಿಸಿ ನೋಡಿದರು, ಅಳತೆಪಟ್ಟಿ ಹಿಡಿದರು. ಆಮೇಲೆ ಕೇಳುತ್ತ ಹೋದರು. ಸಮ ನೆಲದಲ್ಲಿ ನಡೆಯುತ್ತೀಯಾ, ಇಳಿಜಾರಿನಲ್ಲಿ? ಮೆಟ್ಟಿಲು ಹತ್ತುತ್ತೀಯಾ? ಕುಕ್ಕರುಗಾಲಲ್ಲಿ ಕೂರುತ್ತೀಯಾ? ಚಕ್ಕಳಮಕ್ಕಳ? ಮಂಡಿಯೂರಿ? ಈ ಪಟ್ಟಿಯ ಮರ್ಮ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ನಾನೇ ಇದೇ ಕೆಲಸಕ್ಕೆ ಸೇರಿದಾಗ. ಕಾಲಿನ ಅಂಗವಿಕಲತೆ ಲೆಕ್ಕ ಹಾಕುವ ಸರ್ಕಾರದ ಕ್ರಮದಲ್ಲಿ ಇಂಥ ಒಂಬತ್ತು ಕೆಲಸಗಳಿವೆ, ಒಂದೊಂದಕ್ಕೂ ಹತ್ತು ಅಂಕ. ಅದರಲ್ಲಿ ಒಂದು, ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರುವುದು. ಅಂದರೆ ಹೀಗೆ ಕೂರಲಾಗದವರು ಇದ್ದಾರೆ ಅಂತ ಸರ್ಕಾರಕ್ಕೆ ಅಂಕಿ ಸಮೇತ ಗೊತ್ತಿದೆ, ಫಾರ್ಮಿನಲ್ಲಿ ಅದಕ್ಕೆ ಜಾಗವೂ ಇದೆ.

"ಕೂರಲಿಕ್ಕೆ ಬರಲ್ಲ ಸಾರ್" ಅಂದೆ. ಬರೆದುಕೊಂಡರು. ಪಕ್ಕದಲ್ಲಿದ್ದ ನರ್ಸಮ್ಮ ಒಂದು ಸಣ್ಣ ಬಾಟಲಿ ಕೈಗಿಟ್ಟು, "ಇದರಲ್ಲಿ ಮೂತ್ರ ಹಿಡ್ಕಂಡು ಬಾ, ಹಿಂದ್ಗಡೆ ಬಾತ್ರೂಮಿದೆ" ಅಂದಳು.

ಹಿಂದುಗಡೆ ಹೋದೆ. ನಾಲ್ಕು ಮೆಟ್ಟಿಲು. ಮೇಲೆ ನೆಲಕ್ಕೆ ಕೂರಿಸಿದ ಬೇಸಿನ್ನು. ಮೆಟ್ಟಿಲ ಕೆಳಗೆ ನನಗಿಂತ ಮೊದಲು ಕರೆದಿದ್ದ ಹೆಂಗಸರು ಕೈಯಲ್ಲಿ ಖಾಲಿ ಬಾಟಲಿ ಹಿಡಿದು ನಿಂತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಅಪ್ಪಯ್ಯ ಅಷ್ಟರಲ್ಲಿ ತನ್ನ ಕೆಲಸ ಶುರು ಮಾಡಿದ್ದ. ಕಟ್ಟಡದ ಹಿಂದೆ, ಪಾಗಾರಕ್ಕೂ ಒಂದು ಪೇರಳೆ ಮರಕ್ಕೂ ನಡುವೆ, ಯಾರ ಹತ್ತಿರವೋ ಹಾರೆ ಕಡ ತಂದು ಮೊಳ ಆಳದ ಗುಂಡಿ ತೋಡಿದ್ದ. ಗುಂಡಿಯ ಮೇಲೆ ಕುರ್ಚಿ ಇಟ್ಟು, ಕೈಯಿಂದ ನಾಲ್ಕೂ ಮೂಲೆ ಒತ್ತಿ, ಅಲ್ಲಾಡುವ ಕಾಲಿಗೆ ಚಪ್ಪಟೆ ಕಲ್ಲು ಕೊಟ್ಟು ಕೂರಿಸಿದ. ಕಂಬಳಿ ಬಿಚ್ಚಿ ಅಡ್ಡ ಹಿಡಿದು, ಮುಖ ಪಾಗಾರದ ಕಡೆ ಮಾಡಿ ನಿಂತ. "ಹೋಗು" ಅಂದ. ಬೆಳೆದ ಮಗಳಿಗೆ ಅಪ್ಪ ಹೀಗೆ ಕಾವಲು ನಿಲ್ಲುವುದು ಹೇಗಿರುತ್ತದೆ ಅಂತ ನಾನು ವಿವರಿಸುವುದಿಲ್ಲ. ಇಬ್ಬರೂ ಆಮೇಲೆ ಅದರ ಸುದ್ದಿ ಎತ್ತಲಿಲ್ಲ. ಹಿಂದಿನ ಮಧ್ಯಾಹ್ನದಿಂದ ನೀರು ಕುಡಿದಿರಲಿಲ್ಲವಲ್ಲ, ಬಾಟಲಿಯ ತಳ ಮುಚ್ಚುವಷ್ಟೇ, ಕಾಫಿ ಬಣ್ಣ. ನರ್ಸಮ್ಮ ಬೆಳಕಿಗೆ ಹಿಡಿದು ಹುಬ್ಬು ಗಂಟು ಹಾಕಿದಳು.

ನಾನು ಈಚೆ ಬರುವಾಗ ತೀರ್ಥಹಳ್ಳಿ ಅತ್ತೆ ಕಾದಿದ್ದಳು. "ಅಣ್ಣಯ್ಯ, ಆ ಕುರ್ಚಿ ಒಂದ್ ಗಳಿಗೆ ಕೊಡ್ತೀರಾ?" ಅಂತ ಅಪ್ಪಯ್ಯನನ್ನು ಕೇಳಿದಳು. ಆಮೇಲೆ ಕೇಳುವುದು ನಿಂತಿತು, ಸಾಲು ಶುರುವಾಯಿತು. ಹೆಂಗಸರು ಅಪ್ಪಯ್ಯನ ಕೈಯಿಂದ ಕೆಲಸ ಕಿತ್ತುಕೊಂಡರು. ಯಾರದೋ ಸೀರೆ ಕೊಪ್ಪೆಯಿಂದ ಹೊರಬಂದು ಪೇರಳೆ ಕೊಂಬೆಗೂ ಕಿಟಕಿ ಸರಳಿಗೂ ಕಟ್ಟಿಕೊಂಡಿತು. ಹುಡುಗರು ನಲ್ಲಿಯಿಂದ ಕೊಡಪಾನದಲ್ಲಿ ನೀರು ತಂದರು. ಅಪ್ಪಯ್ಯ ದೂರದ ಮೂಲೆಯಲ್ಲಿ ಬೀಡಿ ಹಚ್ಚಿ, ಗಂಡಸರು ಈ ಕಡೆ ಬಾರದ ಹಾಗೆ ನೋಡಿಕೊಂಡ. ಅತ್ತೆಗೆ ಕುರ್ಚಿ ಎತ್ತರವಾಯಿತು, ಕಾಲು ನೆಲಕ್ಕೆ ಎಟುಕುವುದಿಲ್ಲ, ಕಾಲು ತೂಗಾಡಿದರೆ ಸೊಂಟಕ್ಕೆ ಚುಚ್ಚಿದ ಹಾಗೆ. ಪಾಗಾರದ ಹತ್ತಿರ ಉಳಿದಿದ್ದ ಎರಡು ಜಂಬಿಟ್ಟಿಗೆ ಉರುಳಿಸಿ ತಂದು ಕಾಲಡಿ ಇಟ್ಟರು. ಗಿಡ್ಡದವರು ಬಂದಾಗ ಇಟ್ಟಿಗೆ ಒಳಗೆ, ಎತ್ತರದವರು ಬಂದಾಗ ಹೊರಗೆ.

ಅಟೆಂಡರ್ ಒಬ್ಬ ಓಡಿ ಬಂದ. "ಏಯ್, ಇಲ್ಲೆಲ್ಲ ಹಂಗ್ ಮಾಡಂಗಿಲ್ಲ!"

ಅತ್ತೆ ಸೀರೆಯ ಪರದೆಯ ಒಳಗಿನಿಂದಲೇ ಉತ್ತರ ಕೊಟ್ಟಳು. "ಆತು ಮಗ, ನೀನೇ ಬಂದು ನಮ್ಮನ್ನ ಒಬ್ಬೊಬ್ಬರಾಗಿ ಎತ್ಕಂಡು ಮೆಟ್ಲು ಹತ್ಸಿ ಒಳಗೆ ಕೂರ್ಸು. ಇಲ್ಲಿ ಮಾಡದಿಲ್ಲ."

ಅವನು ಸ್ವಲ್ಪ ಹೊತ್ತು ನಿಂತ, ಹೋದ. ದೂರು ಕೊಡಲು ಹೋದ ಅಂದುಕೊಂಡೆವು. ತಿರುಗಿ ಬಂದಾಗ ಕೈಯಲ್ಲಿ ಫಿನಾಯಿಲ್ ಬಾಟಲಿ ಇತ್ತು. ಪರದೆಯ ಪಕ್ಕ ಇಟ್ಟು, ಏನೂ ಹೇಳದೆ ವಾಪಸಾದ. ಅವನ ಮನೆಯಲ್ಲೂ ಯಾರಾದರೂ ಇದ್ದಿರಬೇಕು ಅಂತ ಅತ್ತೆ ಅಂದಳು. ಇರಲೇಬೇಕು ಅಂತೇನಿಲ್ಲ, ಮನುಷ್ಯ ಒಳ್ಳೆಯವನಿರಬಹುದು.

ಮಧ್ಯಾಹ್ನದ ಮೇಲೆ ಚಾದವನಿಗೆ ವ್ಯಾಪಾರವೋ ವ್ಯಾಪಾರ. ಹೋಗಲು ಒಂದು ಜಾಗ ಇದೆ ಅಂತ ಖಾತ್ರಿಯಾದದ್ದೇ, ಬೆಳಗ್ಗೆಯಿಂದ ಬಾಯಿ ಕಟ್ಟಿಕೊಂಡಿದ್ದ ಹೆಂಗಸರೆಲ್ಲ ಚಾ ಕುಡಿದರು, ಮೇಲೆ ನೀರು ಕುಡಿದರು, ಕಟ್ಟಿ ತಂದಿದ್ದ ಬುತ್ತಿ ಬಿಚ್ಚಿದರು. ಆ ದಿನದ್ದು ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿರುವುದು ಇದೇ. ನಾನೂ ಎರಡು ಲೋಟ ಚಾ ಕುಡಿದೆ, ಸಕ್ಕರೆ ಜಾಸ್ತಿ ಹಾಕಿಸಿ. ನೋವಿನ ಮಾತ್ರೆಯನ್ನು ಹೊಟ್ಟೆತುಂಬ ತಿಂದ ಮೇಲೆ ನುಂಗಿದರೆ ಉರಿಯುವುದಿಲ್ಲ ಅಂತ ಆವತ್ತು ಗೊತ್ತಾಯಿತು.

ಸಂಜೆ ಅಪ್ಪಯ್ಯ ಗುಂಡಿ ಮುಚ್ಚಿ, ಮಣ್ಣು ತುಳಿದು ಗಟ್ಟಿ ಮಾಡಿ, ಹಾರೆ ತೊಳೆದು ವಾಪಸು ಕೊಟ್ಟ. ಸರ್ಟಿಫಿಕೇಟ್ ಕೈಗೆ ಬರಲು ಇನ್ನೂ ತಿಂಗಳುಗಳು ಹಿಡಿದವು, ಆ ಅಲೆದಾಟದ ಕಥೆ ಬೇರೆ, ಅದು ಎಲ್ಲರಿಗೂ ಗೊತ್ತಿರುವಂಥದ್ದೇ. ವಾಪಸು ಬರುವ ಬಸ್ಸಿನಲ್ಲಿ ಅದೇ ಕಂಡಕ್ಟರ್.

"ಆತಾ ರಿಪೇರಿ?"

"ಬೆತ್ತ ಸಿಗ್ಲಿಲ್ಲ" ಅಂದ ಅಪ್ಪಯ್ಯ.

"ನಾ ಹೇಳ್ಲಿಲ್ವಾ!" ಅಂತ ಕಂಡಕ್ಟರಿಗೆ ಮಹಾ ಖುಷಿ. ಆಮೇಲೆ ಆ ಕುರ್ಚಿ ನನ್ನ ಜೊತೆ ಮದುವೆ ಮನೆಗೆ, ಸಾಗರದ ಮಾರಿ ಜಾತ್ರೆಗೆ ಎಲ್ಲ ಹೋಗಿದೆ, ಪ್ರತಿ ಸಲವೂ ರಿಪೇರಿಗೇ. ಶಿಬಿರಕ್ಕೆ ಬಂದಿದ್ದವರ ಪೈಕಿ ಕೆಲವರು ಹೇಳಿ ಕಳಿಸಿದರು. ಅಪ್ಪಯ್ಯ ಹಳೇ ಕುರ್ಚಿ ಎಲ್ಲೆಲ್ಲಿ ಸಿಗುತ್ತದೋ ಅಲ್ಲೆಲ್ಲ ತಂದು, ಅವರವರ ಎತ್ತರಕ್ಕೆ ಕಾಲು ಕೊಯ್ದು ಮಾಡಿಕೊಟ್ಟ. ಅವನು ಹೋಗ್ಯಾಯಿತು. ಮಾಡಿದ ಕುರ್ಚಿಗಳಲ್ಲಿ ಒಂದೆರಡು ಈಗಲೂ ಇವೆ.

ನನ್ನದು ಈಗ ಪಂಚಾಯ್ತಿಯಲ್ಲಿ ಪುನರ್ವಸತಿ ಕಾರ್ಯಕರ್ತೆಯ ಕೆಲಸ, ಅಂಗವಿಕಲರ ಅರ್ಜಿ, ಕಾರ್ಡು, ಪಿಂಚಣಿ ನೋಡಿಕೊಳ್ಳುವುದು. ಈ ಕೆಲಸಕ್ಕೆ ಅಂಗವಿಕಲರನ್ನೇ ತೆಗೆದುಕೊಳ್ಳುತ್ತಾರೆ. ಹಾಗಾಗಿ ಕಾನೂನಿನ ಕಾಗದ ಕೈಗೆ ಸಿಗುತ್ತದೆ. 2016ರ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಅದರಲ್ಲಿ ಅಂಗವಿಕಲತೆ 21 ಬಗೆ, ಗಿಡ್ಡತನವನ್ನೂ ಹೆಸರಿಸಿದ್ದಾರೆ. ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ಐದು ವರ್ಷದಲ್ಲಿ ನಮಗೆ ಒದಗುವ ಹಾಗೆ ಮಾಡಬೇಕು ಅಂತಿತ್ತು. ಆ ಗಡುವು 2022ಕ್ಕೇ ಮುಗಿಯಿತು. ಸೌಲಭ್ಯದ ಮಾನದಂಡಗಳನ್ನು ಬರೀ ಸಲಹೆ ಅಂತ ಇಟ್ಟರೆ ಸಾಲದು, ಕಡ್ಡಾಯ ಮಾಡಿ ಅಂತ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಹೇಳಿತು. ಮಾರನೇ ಜನವರಿಯಲ್ಲಿ ಇನ್ನೊಂದು ತೀರ್ಪು: ದೇಶದ ಎಲ್ಲ ನ್ಯಾಯಾಲಯಗಳಲ್ಲಿ ಅಂಗವಿಕಲರಿಗೆ ಬೇರೆ ಶೌಚಾಲಯ ಇರಬೇಕು ಅಂತ. ಓದಿ ಸಂತೋಷಪಟ್ಟೆ. ಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ನೀರು ಕುಡಿದೇ ಹೋಗಬಹುದು ಅಂತ ಗೆಳತಿಗೆ ಹೇಳಿದೆ.

ಸ್ವಚ್ಛ ಭಾರತದಲ್ಲಿ ಮನೆಗೊಂದು ಕಕ್ಕಸಿಗೆ 12,000 ರೂಪಾಯಿ ಬಂತು. ಕೇರಿಯಲ್ಲಿ ಎಲ್ಲರ ಮನೆಗೂ ಆಯಿತು, ಎಲ್ಲವೂ ಒಂದೇ ಅಚ್ಚಿನವು, ನೆಲಕ್ಕೆ ಕೂರಿಸಿದ ಬೇಸಿನ್ನು. ನಮ್ಮಂಥವರಿದ್ದ ಮನೆಯಲ್ಲಿ ಎಷ್ಟೋ ಕಡೆ ಅದರೊಳಗೆ ಈಗ ಸೌದೆ ಇದೆ. ಕೈಯಿಂದ ಮೇಲೆ ದುಡ್ಡು ಹಾಕಿದವರು ಕಮೋಡು ಕೂರಿಸಿಕೊಂಡರು. ಪೇಟೆಗಳಲ್ಲಿ ಗಾಲಿಕುರ್ಚಿಯ ಚಿತ್ರ ಬರೆದ ಬಾಗಿಲುಗಳು ಬಂದಿವೆ, ಇಳಿಜಾರು ಕೂಡ ಇರುತ್ತದೆ. ಬೀಗ ಹಾಕಿರುತ್ತಾರೆ. ಬೀಗದ ಕೈ ಯಾರ ಹತ್ತಿರ ಅಂತ ಹುಡುಕಿ, ಅವನು ಊಟಕ್ಕೆ ಹೋಗಿದ್ದಾನೆ ಅಂತ ತಿಳಿದು, ಅವನು ಬಂದು ಬಾಗಿಲು ತೆಗೆದರೆ ಒಳಗೆ ಬ್ಲೀಚಿಂಗ್ ಪುಡಿಯ ಚೀಲ, ಮುರಿದ ಬೆಂಚು. ಈಗಿನ ಮಟ್ಟಿಗೆ ನಮಗೆ ಅನುಕೂಲ ಅಂದರೆ ರೈಲು. ಬೆಂಗಳೂರಿಗೆ ಹೋಗುವುದಿದ್ದರೆ ನಾನು ಸಾಗರ ಜಂಬಗಾರು ಸ್ಟೇಷನ್ನಿನಿಂದ ಹೋಗುತ್ತೇನೆ. ಹತ್ತುವುದು ಕಷ್ಟ, ಇಬ್ಬರು ಎತ್ತಬೇಕು, ಆದರೆ ಒಳಗೆ ಕಮೋಡು ಇದೆ. ತೀರ್ಥಹಳ್ಳಿಯವರಿಗೆ ಅದೂ ಇಲ್ಲ, ಅವರ ಊರಿಗೆ ರೈಲೇ ಇಲ್ಲ.

ಮೊನ್ನೆ ಹೊಸ ಶೌಚಾಲಯ ಕಟ್ಟುವ ಮಾತು ಬಂದು, ಎಂಜಿನಿಯರ್ ಹುಡುಗನೊಬ್ಬ ನಕ್ಷೆ ಹಿಡಿದು ನನ್ನ ಮೇಜಿನ ಹತ್ತಿರ ಬಂದ. ಅಂಗವಿಕಲರದ್ದು ಒಂದು ಸೇರಿಸಬೇಕು, ನೀವೊಮ್ಮೆ ನೋಡಿ ಮೇಡಂ ಅಂದ. ಕಟ್ಟುವ ಮೊದಲು ಕೇಳಿದವರನ್ನು ನಾನು ಕಂಡಿದ್ದು ಅವನೊಬ್ಬನನ್ನೇ. ನೋಡಿದೆ. ಬಾಗಿಲು 90 ಸೆಂಟಿಮೀಟರ್, ಹೊರಕ್ಕೆ ತೆರೆಯುವಂಥದ್ದು, ಎರಡೂ ಕಡೆ ಹಿಡಿ, ಎಲ್ಲ ಸರಿ ಇತ್ತು. ಆಸನದ ಎತ್ತರ 45ರಿಂದ 48 ಅಂತ ಬರೆದಿದ್ದ. ಪಿಂಚಣಿ ಕೆಲಸಕ್ಕೆ ಬಂದಿದ್ದವರು ಅಲ್ಲೇ ಕೂತಿದ್ದರು, ಅವರನ್ನೂ ಕೇಳು ಅಂದೆ.

"ಇದು ಸಾಲ್ದು ಸಾರ್, ಇನ್ನೂ ನಾಲ್ಕು ಬೆರಳು ಎತ್ತರ ಬೇಕು. ಸೊಂಟ ಅಷ್ಟು ಬಗ್ಗಲ್ಲ" ಅಂದರು ಒಬ್ಬರು.

"ಎತ್ತರ ಮಾಡಿ, ಜೊತೆಗೆ ಒಂದು ಏಣೀನೂ ಕೊಡಿ" ಅಂದಳು ಇನ್ನೊಬ್ಬಳು, ನನ್ನ ಅತ್ತೆಯ ಎತ್ತರದವಳು. "ನನ್ನ ಕಾಲು ನೆಲ ಮುಟ್ಟಬೇಕೋ ಬೇಡ್ವೋ?"

"ಕಾಲಡಿಗೆ ಜಂಬಿಟ್ಟಿಗೆ ಕಟ್ಟಿಸ್ಬೌದು" ಅಂದೆ.

"ಹಂಗೆ ಕಟ್ಟಿದ್ರೆ ನನ್ನ ಗಾಲಿ ಎಲ್ಲಿ ನುಗ್ಗದು ಅಕ್ಕ?" ಗಾಲಿಕುರ್ಚಿಯ ಹುಡುಗನ ತಕರಾರು.

ಎಂಜಿನಿಯರ್ ಪೆನ್ನು ಹಿಡಿದು ಒಬ್ಬೊಬ್ಬರ ಮುಖ ನೋಡುತ್ತಿದ್ದ. ರೂಲ್ಸಿನಲ್ಲಿ ಒಂದೇ ಎತ್ತರ ಇದೆ ಮೇಡಂ ಅಂದ. ರೂಲ್ಸು ಮಾಡಿದವರು ನಮ್ಮ ತಾಲ್ಲೂಕಿಗೆ ಬಂದಿರಲಿಕ್ಕಿಲ್ಲ ಅಂದೆ. ಎರಡು ಕೂರಿಸಲು ಎಸ್ಟಿಮೇಟಿನಲ್ಲಿ ದುಡ್ಡಿಲ್ಲ. ನಾವು ನಾವೇ ಜಗಳ ಆಡುತ್ತಾ ಮಧ್ಯಾಹ್ನದ ಬಸ್ಸು ಹೋಯಿತು. ಕೊನೆಗೆ ಆಸನ 48ಕ್ಕೇ ಇರಲಿ, ಎತ್ತರ ಬೇಕಾದವರಿಗೆ ಮೇಲೆ ಕೂರಿಸುವ ಪ್ಲಾಸ್ಟಿಕ್ ರಿಂಗು ಒಳಗೇ ಒಂದು ಇರಲಿ, ಗಿಡ್ಡದವರಿಗೆ ಆಚೀಚೆ ಸರಿಸುವ ಮರದ ಕಾಲ್ಮಣೆ ಇರಲಿ ಅಂತಾಯಿತು. ಅವನು ಬರೆದುಕೊಂಡ. ಮಣೆಗೆ ಗೋಡೆಯಿಂದ ಒಂದು ಚೈನನ್ನೂ ಬರೆಸಿದೆ. ಇಲ್ಲದಿದ್ದರೆ ಮಾರನೇ ದಿನ ಅದು ಎದುರಿನ ಚಾದಂಗಡಿಯಲ್ಲಿರುತ್ತದೆ.